ಹತ್ತನೇ ನಂಬರ್ ಬ್ಲೇಡು

— ಬಿಸಿಲು ಶುರುವಾದಾಗಿನಿಂದ ಈ ನಾಯಿ ನಾಲಿಗೆ ಒಳಗೆ ಹಾಕೋದನ್ನೇ ಮರೆತುಬಿಟ್ಟಿದೆ ಕಣಮ್ಮ. ಮೈಮೇಲೆ ಇಷ್ಟೊಂದು ಕೂದಲು ಹೊತ್ಕೊಂಡು ಏದುಸಿರು ಬಿಡ್ತಾ ಬಿದ್ದಿರುತ್ತೆ. ಒಂದು ಒಳ್ಳೇ ಮಷೀನು ತಗೊಂಡು ಪೂರ್ತಿ ಬೋಳಿಸಿಬಿಡೋಣ ಅಂತಿದ್ದೀನಿ. ದೇವನಹಳ್ಳಿ ಕಡೆ ವಿಲ್ಲಾ ವಿಲ್ಲಾ ತಿರುಗಿ ನಾಯಿಗಳಿಗೆ ಸ್ನಾನ, ಕಟಿಂಗು ಮಾಡೋಳು ನೀನು. ಯಾವುದು ತಗೊಳ್ಳಲಿ ಹೇಳು.

— ಯಾವುದು ಅಂತ ಆಮೇಲೆ ಹೇಳ್ತೀನಿ ಮಾವ. ಯಾತಕ್ಕೆ ಅಂತ ಮೊದಲು ನೀವು ಹೇಳಿ.

— ಹೇಳಿದೆನಲ್ಲ, ಬೋಳಿಸಕ್ಕೆ.

— ಹಂಗಾದ್ರೆ ಯಾವುದೂ ಬೇಡ.

— ಇದೊಳ್ಳೆ ಕತೆ ಆಯ್ತು! ಚಳ್ಳಕೆರೆ ಕಡೆ ಕುರಿ ಉಣ್ಣೆ ಕತ್ತರಿಸ್ತಾರೆ, ಕಂಬಳಿ ನೇಯ್ತಾರೆ, ಕುರಿ ಹಾಯಾಗಿ ಮೇಯ್ಕೊಂಡಿರುತ್ತೆ. ಕುರಿಗಾಗೋದು ನಾಯಿಗೆ ಯಾಕಾಗಲ್ಲ?

— ಕುರಿ ಉಣ್ಣೆ ಬೆಳೀತಾನೇ ಹೋಗುತ್ತೆ ಮಾವ. ಯಾರಾದ್ರೂ ಕತ್ತರಿಸಲೇಬೇಕು. ನಾಯಿಗಳಲ್ಲೂ ಅಂಥವಿವೆ: ಪೂಡಲ್, ಶಿಹ್ ತ್ಸು, ಲಾಸಾ. ಅವನ್ನ ತಿಂಗಳಿಗೋ ಎರಡು ತಿಂಗಳಿಗೋ ಕತ್ತರಿಸದೆ ಬಿಟ್ರೆ ಕಣ್ಣೇ ಕಾಣಲ್ಲ. ನಿಮ್ಮದು ಗೋಲ್ಡನ್ ರಿಟ್ರೀವರ್. ಇದರದ್ದು ಎರಡು ಪದರ. ಇಲ್ಲಿ ಬನ್ನಿ, ತೊಡೆ ಹಿಂದೆ ಕೂದಲು ಬಗಿದು ತೋರಿಸ್ತೀನಿ. ಮೇಲಿರೋ ಈ ಉದ್ದನೆ, ಹೊಳಪಿರೋ ಕೂದಲು ನೋಡಿದ್ರಾ? ಒಂದು ಅಳತೆಗೆ ಬೆಳೆದು ನಿಂತುಬಿಡುತ್ತೆ. ಅದರ ಬುಡದಲ್ಲಿ, ಚರ್ಮಕ್ಕೆ ಅಂಟಿಕೊಂಡಂಗೆ ಇದೆಯಲ್ಲ ಬಿಳಿಚಿಕೊಂಡಿರೋದು, ಅದು ಒಳಗೂದಲು. ಕಾಲಕಾಲಕ್ಕೆ ತಾನಾಗೇ ಉದುರುತ್ತೆ. ಈಗ ಎರಡು ಬೆರಳಲ್ಲಿ ಹಿಡಿದು ಎಳೀತೀನಿ, ನೋಡಿ.

— ಅಯ್ಯಯ್ಯೋ, ಕಿತ್ತೇ ಬಂತಲ್ಲ! ನಾಯಿ ಕುಂಯ್ ಅನ್ನಲೇ ಇಲ್ಲ?

— ಸತ್ತ ಕೂದಲು ಮಾವ. ಬುಡ ಬಿಟ್ಟಿದೆ, ಹೊರಗೆ ಬರಕ್ಕೆ ದಾರಿ ಇಲ್ಲದೆ ಅಲ್ಲೇ ಕೂತಿದೆ. ಇದರ ಮೈಯೆಲ್ಲ ಹಿಂಗೇ ತುಂಬಿದೆ. ಗಾಳಿ ಆಡಲ್ಲ, ಸ್ನಾನ ಮಾಡಿಸಿದ್ರೆ ಒಣಗಲ್ಲ, ಒಳಗೆ ಚರ್ಮ ಕೆಂಪಾಗುತ್ತೆ. ಸೆಕೆ ಮಾಡ್ತಿರೋದು ಇದು, ಮೇಲಿನ ಕೂದಲಲ್ಲ. ನೀವು ಮಷೀನು ಹಾಕಿ ಎರಡನ್ನೂ ಬುಡಕ್ಕೆ ಕತ್ತರಿಸಿದ್ರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತೆ. ನಾಯಿ ನಮ್ಮ ಥರ ಮೈತುಂಬ ಬೆವರಲ್ಲ. ಪಾದದಲ್ಲಿ ಅಷ್ಟೋ ಇಷ್ಟೋ ಬೆವರುತ್ತೆ, ಸೆಕೇಲಿ ಮೈ ತಂಪಾಗೋದು ಹೆಚ್ಚಾಗಿ ನಾಲಿಗೆ ಮತ್ತೆ ಉಸಿರಾಟದಿಂದ. ನಾವು ತಲೆ ಬೋಳಿಸಿಕೊಂಡು ಫ್ಯಾನ್ ಕೆಳಗೆ ಕೂತಾಗ ಆಗೋ ಹಿತ ಅದಕ್ಕೆ ಆಗಲ್ಲ.

— ಇರಬಹುದು. ಆದ್ರೆ ಹೋದ ವರ್ಷ ಹೊಟ್ಟೆ ಸ್ಕ್ಯಾನ್ ಮಾಡಕ್ಕೆ ಅಂತ ಡಾಕ್ಟ್ರು ಅರ್ಧ ಮೈ ಬೋಳಿಸಿದ್ರಲ್ಲ. ಚೆನ್ನಾಗೇ ಬಂತು. ನೀವೆಲ್ಲ ಸುಮ್ಮನೆ ಹೆದರಿಸ್ತೀರಿ.

— ಬಂತು, ಒಪ್ಪಿದೆ. ಬಹಳಷ್ಟು ನಾಯಿಗಳಿಗೆ ಬರುತ್ತೆ. ಆದ್ರೆ ಕೆಲವಕ್ಕೆ ತಿಂಗಳುಗಟ್ಟಲೆ ಬರಲ್ಲ, ಬಂದ್ರೂ ತೇಪೆ ತೇಪೆಯಾಗಿ ಬರುತ್ತೆ. ಹಸ್ಕಿ, ಪೊಮೆರೇನಿಯನ್ ಥರದವಕ್ಕೆ ಈ ಕಾಟ ಜಾಸ್ತಿ. ಪಶುವೈದ್ಯರು ಅದಕ್ಕೊಂದು ಹೆಸರೇ ಇಟ್ಟಿದಾರೆ, ಪೋಸ್ಟ್ ಕ್ಲಿಪ್ಪಿಂಗ್ ಅಲೊಪೇಷಿಯಾ ಅಂತ. ಯಾವ ನಾಯಿಗೆ ಹಂಗಾಗುತ್ತೆ ಅಂತ ಮೊದಲೇ ಗೊತ್ತಾಗಲ್ಲ. ಕಾಯಿಲೆಗೆ, ಆಪರೇಷನ್ನಿಗೆ ಬೋಳಿಸೋದು ಬೇರೆ. ಅಲ್ಲಿ ಬೇರೆ ದಾರಿ ಇಲ್ಲ. ಎದ್ದು ನಿಲ್ಲಕ್ಕಾಗದ ಮುದಿ ನಾಯಿ, ಮಲಗಿದಲ್ಲೇ ಮೂತ್ರ ಮಾಡಿಕೊಳ್ಳೋ ನಾಯಿ ಇದ್ರೆ ನಾನೇ ಗಿಡ್ಡ ಮಾಡ್ತೀನಿ. ಓಡಾಡಿಕೊಂಡಿರೋ ನಾಯಿಗೆ ಸೆಕೆಗೆ ಅಂತ ಬೋಳಿಸೋದನ್ನ ಮಾತ್ರ ನಾನು ಒಪ್ಪಲ್ಲ. ದೇವನಹಳ್ಳೀಲಿ ಕೇಳಿದೋರಿಗೂ ಇದೇ ಹೇಳಿ, ಕೆಲಸ ಬಿಟ್ಟು ಬಂದಿದೀನಿ.

— ನಿಮ್ಮ ಭಾವ ಇದರ ಬದಲು ಮುಧೋಳ ನಾಯಿ ತಗೊಂಡಿದ್ರೆ ಈ ರಗಳೆ ಯಾವುದೂ ಇರ್ತಿರಲಿಲ್ಲ. ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ಅಂಚೆ ಚೀಟಿ ಮೇಲೂ ಬಂದಿರೋ ನಾಯಿ ಅದು.

— 2005ರಲ್ಲಿ. ಭಾವ ನಿಮ್ಮ ಹತ್ರ ಕೇಳಿ ತಗೊಂಡಿದ್ರೆ ತಾನೆ? ಚಾರ್ಲಿ ಸಿನಿಮಾ ನೋಡಿಕೊಂಡು ಬಂದು ಲ್ಯಾಬ್ರಡಾರ್ ಬೇಕು ಅಂತಿದ್ದ, ಅದು ಹೋಗಿ ಇದಾಯ್ತು. ಲ್ಯಾಬ್ರಡಾರಿಗೂ ಎರಡು ಪದರಾನೇ, ಗಿಡ್ಡ ಅಲ್ವಾ, ಯಾರ ಕಣ್ಣಿಗೂ ಬೀಳಲ್ಲ. ಈಗ ಇರೋ ನಾಯಿ ವಿಷಯ ಮಾತಾಡೋಣ.

— ಸರಿ, ನನ್ನ ಕಷ್ಟಾನೂ ಸ್ವಲ್ಪ ಕೇಳು. ಸೆಕೆ ಒಂದೇ ಅಲ್ಲ. ಇದರ ಕೂದಲು ಮಗ್ಗದ ಮನೆಗೆಲ್ಲ ಹಾರುತ್ತೆ. ಹಾಸಿನ ಮೇಲೆ ಕೂತ್ರೆ ನೇಯ್ಗೆ ಜೊತೆಗೇ ಸೇರಿಕೊಳ್ಳುತ್ತೆ. ಹೋದ ಸಲ ಮೆರೂನ್ ಬಣ್ಣದ ಸೀರೆ ಮಡಿಸೋವಾಗ ನೋಡ್ತೀನಿ, ಉದ್ದಕ್ಕೂ ಚಿನ್ನದ ಬಣ್ಣದ ಎಳೆ. ಜರಿ ಅಂತ ಹೇಳಿ ಮಾರಕ್ಕಾಗುತ್ತಾ? ಇನ್ನು ಹೊಲದ ಕಡೆ ಹೋಗಿ ಬಂದ್ರೆ ಮುಗೀತು, ಬಾಲದ ತುಂಬ ಉತ್ತರಾಣಿ. ಅದರ ಸುತ್ತ ಕೂದಲು ಗಂಟು ಕಟ್ಟುತ್ತೆ.

— ಈಗ ಸರಿಯಾದ ಜಾಗಕ್ಕೆ ಬಂದ್ರಿ. ಕೂದಲು ಹಾರೋದಕ್ಕೆ ಔಷಧಿ ಬಾಚಣಿಗೆ. ಅಂಡರ್‌ಕೋಟ್ ರೇಕ್ ಅಂತ ಸಿಗುತ್ತೆ, ಉದ್ದ ಹಲ್ಲಿಂದು, ತುದಿ ಮೊಂಡು. ಅದರಲ್ಲಿ ವಾರಕ್ಕೆರಡು ಸಲ ಒಳಗೂದಲು ಎಳೆದು ತೆಗೀಬೇಕು, ಉದುರೋ ಕಾಲದಲ್ಲಿ ದಿನಾ. ಆಮೇಲೆ ಸ್ಲಿಕ್ಕರ್ ಬ್ರಷ್, ಕೊನೇಲಿ ಸ್ಟೀಲ್ ಬಾಚಣಿಗೆ. ಬಾಚಣಿಗೆ ಚರ್ಮದವರೆಗೂ ಹೋಗಿ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಹೊರಗೆ ಬಂದ್ರೆ ಕೆಲಸ ಆಯ್ತು ಅಂತ. ಮೇಲೆ ಮೇಲೆ ಬ್ರಷ್ ಆಡಿಸಿ ಹೊಳಪು ತರೋರೇ ಜಾಸ್ತಿ, ಒಳಗೆ ಜಡೆ ಹಂಗೇ ಇರುತ್ತೆ. ನನ್ನ ಹತ್ರ ಬರೋ ನಾಯಿಗಳಲ್ಲಿ ಅರ್ಧಕ್ಕರ್ಧ ಹಂಗೇ.

— ಮಗ್ಗದ ಧೂಳು ಹೊಡೆಯೋ ಬ್ಲೋವರ್ ಇದೆ ನನ್ನ ಹತ್ರ. ಅದನ್ನ ಬಿಟ್ರೆ?

— ಐಡಿಯಾ ತಪ್ಪಲ್ಲ ಮಾವ. ನನ್ನ ವ್ಯಾನಿನಲ್ಲಿರೋದೂ ಬ್ಲೋವರ್ರೇ. ಸ್ನಾನ ಆದ್ಮೇಲೆ ಜೋರು ಗಾಳಿ ಬಿಟ್ರೆ ಸತ್ತ ಕೂದಲು ಮೋಡದ ಥರ ಏಳುತ್ತೆ. ಕಂಪ್ರೆಸರ್ ಪೈಪು ಮಾತ್ರ ನಾಯಿ ಹತ್ರ ತರಲೇಬೇಡಿ. ಕೈಯಲ್ಲಿ ಹಿಡಿಯೋ ಬ್ಲೋವರ್ ಆದ್ರೆ ದೂರದಿಂದ, ಬೆನ್ನು ತೊಡೆಗೆ ಮಾತ್ರ. ಮುಖ, ಕಿವಿ ಕಡೆ ಬೇಡ. ಮಗ್ಗದ ಮನೆ ಒಳಗೆ ಮಾಡೀರ ಮತ್ತೆ, ಹೊರಗೆ ಅಂಗಳದಲ್ಲಿ ಮಾಡಿ.

— ಹಂಗಾದ್ರೆ ಮಷೀನು ಬೇಡವೇ ಬೇಡ ಅಂತೀಯಾ? ನಿಮ್ಮ ಭಾವ ಅಮೆರಿಕದಿಂದ ಒಂದು ತಂದು ಕೊಟ್ಟು ಹೋಗಿದಾನೆ. ಡಬ್ಬ ಕೂಡ ಬಿಚ್ಚಿಲ್ಲ.

— ಮಷೀನು ಬೇಕು. ಕೆಲಸ ಸಣ್ಣದು, ಆದ್ರೆ ಕತ್ತರೀಲಿ ಮಾಡಕ್ಕಾಗಲ್ಲ. ಪಾದದ ಕೆಳಗೆ ಮೆತ್ತೆಗಳ ನಡುವೆ ಬೆಳೆಯೋ ಕೂದಲು ತೆಗೀಬೇಕು. ಅದು ಬೆಳೆದ್ರೆ ಗ್ರಾನೈಟ್ ನೆಲದ ಮೇಲೆ ನಾಯಿ ಜಾರುತ್ತೆ. ಉಣ್ಣಿ ಅಡಗಿ ಕೂರೋದೂ ಅಲ್ಲೇ. ಟಿಕ್ ಫೀವರ್ ಬಂದ ನಾಯಿಗಳ ಬೆರಳ ಸಂದಿ ನೋಡಿ, ಗೊತ್ತಾಗುತ್ತೆ. ಬಾಲದ ಕೆಳಗೆ, ಹೊಲಸು ಮೆತ್ತಿಕೊಳ್ಳೋ ಜಾಗ ಚಿಕ್ಕದು ಮಾಡಬೇಕು. ಕಿವಿ ಹಿಂದೆ, ಕಂಕುಳಲ್ಲಿ ಗಂಟು ಕಟ್ಟಿದ್ರೆ ಅದನ್ನ ತೆಗೀಬೇಕು. ಹೊಟ್ಟೆ ಕೆಳಗೆ ಬೇಕಾದ್ರೆ ಗಿಡ್ಡ ಮಾಡಬಹುದು. ತಂಪು ನೆಲದ ಮೇಲೆ ಹೊಟ್ಟೆ ಊರಿ ಮಲಗುತ್ತಲ್ಲ, ಅಲ್ಲಿಗೆ ಬಿಸಿಲೂ ಬೀಳಲ್ಲ. ಸೆಕೆಗೆ ಅಂತ ನಿಜಕ್ಕೂ ಏನಾದ್ರೂ ಮಾಡಬೇಕು ಅನ್ನಿಸಿದ್ರೆ ಅದೊಂದು ಮಾಡಿ. ಎಲ್ಲಿ ಆ ಡಬ್ಬ?

— ತಗೋ. ಒಳ್ಳೇ ಕಂಪನಿದೇ ಇರಬೇಕು.

— ಅಮೆರಿಕದೋರು ಇದರಲ್ಲಿ ಹಳಬರು ಮಾವ. ವಾಲ್ 1919ರಿಂದ, ಆಂಡಿಸ್ 1922ರಿಂದ, ಆಸ್ಟರ್ 1924ರಿಂದ. ಕೊನೇ ಎರಡು ವಿಸ್ಕಾನ್ಸಿನ್ನಿನ ರಸೀನ್ ಅನ್ನೋ ಒಂದೇ ಊರಲ್ಲಿ ಶುರುವಾದವು. ಮೊದಲು ಮನುಷ್ಯರ ಕ್ಷೌರಕ್ಕೆ ಮಾಡ್ತಿದ್ರು, ನಾಯಿ ಕುದುರೆ ಆಮೇಲೆ. ಇವತ್ತಿಗೂ ನಮ್ಮಂಥೋರ ಕೈಯಲ್ಲಿ ಇರೋವು ಬಹಳಷ್ಟು ಆ ಹೆಸರಿನವೇ. ಆದ್ರೆ ಇದರ ಬೆನ್ನ ಮೇಲೆ ಏನು ಬರೆದಿದೆ ಓದಿ. ಕನ್ನಡಕ ಹಾಕ್ಕೊಳ್ಳಿ.

— ನೂರಿಪ್ಪತ್ತು ವೋಲ್ಟು, ಅರವತ್ತು ಹರ್ಟ್ಸು. ಓಹೋ. ನಮ್ಮ ಪ್ಲಗ್ಗಿಗೆ ಹಾಕಿದ್ರೆ ಢಂ ಅನ್ನುತ್ತೆ.

— ಹಾಕಿಬಿಟ್ಟಿದ್ರೆ ಗೊತ್ತಾಗ್ತಿತ್ತು! ನಮ್ಮಲ್ಲಿ 230.

— ಅದಕ್ಕೇನು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ರಾಯ್ತು. ಬಜಾರಲ್ಲಿ ಸಿಗುತ್ತೆ.

— ವೋಲ್ಟೇಜು ಇಳಿಯುತ್ತೆ, ಸೈಕಲ್ಲು ಬದಲಾಗುತ್ತಾ?

— ಇಲ್ಲ... ಅದು ಐವತ್ತೇ ಇರುತ್ತೆ. ನಮ್ಮ ಮಗ್ಗದ ಮೋಟರು 1440 ಓಡುತ್ತಲ್ಲ, ಅದನ್ನ ಅಲ್ಲಿಗೆ ತಗೊಂಡು ಹೋದ್ರೆ 1700ರ ಮೇಲೆ ಓಡುತ್ತೆ. ಅಲ್ಲೀದು ಇಲ್ಲಿ ನಿಧಾನ. ಇದೂ ಹಂಗೇನಾ?

— ಇದರೊಳಗೆ ಇರೋದು ಮ್ಯಾಗ್ನೆಟಿಕ್ ಮೋಟರು. ತಿರುಗಲ್ಲ, ಸುರುಳಿ ಎಳೆಯುತ್ತೆ, ಬಿಡುತ್ತೆ. ಒಂದು ಸೈಕಲ್ಲಿಗೆ ಎರಡು ಸಲ. ಅಮೆರಿಕದಲ್ಲಿ ನಿಮಿಷಕ್ಕೆ 7200 ಸಲ ಬ್ಲೇಡು ಆಡುತ್ತೆ, ಇಲ್ಲಿ 6000. ಅರವತ್ತಕ್ಕೆ ಅಂತ ಕೂರಿಸಿರೋ ಸ್ಪ್ರಿಂಗು ಐವತ್ತಕ್ಕೆ ಹೊಂದಲ್ಲ. ಕಟಕಟ ಅಂತ ಬಡಿಯುತ್ತೆ, ದಪ್ಪ ಕೂದಲಿಗೆ ಕೊಟ್ರೆ ಉಸಿರು ಕಟ್ಟಿಕೊಳ್ಳುತ್ತೆ.

— ಪಕ್ಕದಲ್ಲಿ ಒಂದು ಸ್ಕ್ರೂ ಇದೆಯಲ್ಲ, ಅದು ಅದಕ್ಕೇ ಇರಬೇಕು. ಬಡಿಯೋವರೆಗೂ ತಿರುಗಿಸಿ, ಆಮೇಲೆ ಶಬ್ದ ಸಮ ಆಗೋವರೆಗೂ ವಾಪಸ್ ತರೋದು.

— ಅದೇ. ಇಲ್ಲೇ ಮಾರೋ 230 ವೋಲ್ಟಿನ ಮಷೀನಿಗೂ ಹಂಗೇ ಕಿವೀಲಿ ಕೇಳಿ ಕೂರಿಸಬೇಕು. ಪುಸ್ತಕದಲ್ಲಿ ಬರೆದಿರುತ್ತೆ, ಯಾರೂ ಓದಲ್ಲ. ಆದ್ರೆ ಸ್ಕ್ರೂ ಎಷ್ಟು ತಿರುಗಿಸಿದ್ರೂ ಮ್ಯಾಗ್ನೆಟಿಕ್ ಮಷೀನಿಗೆ ದಮ್ಮು ಕಮ್ಮಿ. ಮನುಷ್ಯರ ತಲೆಗೆ ಸಾಕು. ಎರಡು ಪದರದ ಕೂದಲಿಗೆ ತಿರುಗೋ ಮೋಟರು ಬೇಕು, ರೋಟರಿ ಅಂತಾರೆ. ಅದರ ಲೆಕ್ಕ ನಿಮಿಷಕ್ಕೆ ಮೂರು ಸಾವಿರ, ನಾಲ್ಕೂವರೆ ಸಾವಿರ ಇರುತ್ತೆ.

— ಆರು ಸಾವಿರಕ್ಕಿಂತ ಮೂರು ಸಾವಿರ ಮೇಲಾ?

— ಅಂಗಡಿಯೋರು ಜನಾನ ಯಾಮಾರಿಸೋದು ಈ ಅಂಕಿಯಲ್ಲೇ. ಎಷ್ಟು ಸಲ ಆಡುತ್ತೆ ಅನ್ನೋದು ಒಂದು, ಅಡ್ಡ ಬಂದಾಗ ನಿಲ್ಲದೆ ಆಡುತ್ತಾ ಅನ್ನೋದು ಇನ್ನೊಂದು. ನಿಮಗೆ ಗೊತ್ತಿಲ್ಲದ್ದಾ?

— ಗೊತ್ತು, ಗೊತ್ತು. ಲೋಡ್ ಬಿದ್ದಾಗ ತಾನೆ ಮೋಟರಿನ ಯೋಗ್ಯತೆ ಗೊತ್ತಾಗೋದು. ಸರಿ, ವೈರಿಂದೋ ಬ್ಯಾಟರೀದೋ? ನಮ್ಮಲ್ಲಿ ಕರೆಂಟಿನ ಕತೆ ನಿನಗೆ ಗೊತ್ತೇ ಇದೆ.

— ದಿನಾ ನಾಲ್ಕಾರು ಪೂಡಲ್ ಕತ್ತರಿಸೋಳಿಗೆ ವೈರಿಂದು. ಗಟ್ಟಿ, ಎಷ್ಟು ಹೊತ್ತಾದ್ರೂ ಓಡುತ್ತೆ, ಆದ್ರೆ ಸಂಜೆಗೆ ಮಣಿಕಟ್ಟು ನೋಯುತ್ತೆ. ನಿಮ್ಮ ಕೆಲಸ ಪಾದ, ಬಾಲ, ಹೊಟ್ಟೆ. ಅದಕ್ಕೆ ಬ್ಯಾಟರೀದೇ ಸರಿ. ವೈರು ನಾಯಿ ಕಾಲಿಗೆ ಸುತ್ತಿಕೊಳ್ಳಲ್ಲ, ಶಬ್ದ ಕಮ್ಮಿ. ಲಿಥಿಯಂ ಬ್ಯಾಟರಿ ಇರಲಿ, ಚಾರ್ಜರಿನ ಮೇಲೆ 100ರಿಂದ 240 ಅಂತ ಬರೆದಿರಲಿ. ಹಂಗೆ ಬರೆದಿದ್ರೆ ಭಾವ ಅಮೆರಿಕದಿಂದ ತಂದ್ರೂ ಚಿಂತೆ ಇಲ್ಲ, ಪ್ಲಗ್ಗಿನ ಆಕಾರ ಬದಲಾಯಿಸಿದ್ರೆ ಸಾಕು. ಸ್ಪೀಡು ಎರಡಿದ್ರೆ ಒಳ್ಳೇದು, ಪಾದಕ್ಕೆ ನಿಧಾನದ್ದು. ಇಷ್ಟೆಲ್ಲ ಹೇಳಿದ್ರೂ ನಾನು ಮಷೀನು ನೋಡೋ ಮೊದಲು ನೋಡೋದು ಬ್ಲೇಡು. ಬಿಚ್ಚಿ ಹಾಕಕ್ಕೆ ಬರೋ ಬ್ಲೇಡು ಇರಬೇಕು. ಎ5 ಅಂತ ಒಂದು ಮಾದರಿ ಇದೆ, ಹಲವಾರು ಕಂಪನಿಗಳು ಅದೇ ಅಳತೇಲಿ ಮಾಡೋದ್ರಿಂದ ಒಂದರ ಬ್ಲೇಡು ಇನ್ನೊಂದಕ್ಕೆ ಕೂರುತ್ತೆ. ಸಾವಿರ, ಎರಡು ಸಾವಿರಕ್ಕೆ ಸಿಗೋ ಕಿಟ್ಟಿನಲ್ಲಿ ಒಂದೇ ಬ್ಲೇಡು, ಜೊತೆಗೆ ಒಂದು ರಾಶಿ ಪ್ಲಾಸ್ಟಿಕ್ ಬಾಚಣಿಗೆ. ನಿಮ್ಮ ನಾಯಿ ಕೂದಲಿಗೆ ಆ ಪ್ಲಾಸ್ಟಿಕ್ ಸಿಕ್ಕಿಸಿದ್ರೆ ಎರಡಂಗುಲ ಹೋಗಿ ನಿಂತುಬಿಡುತ್ತೆ.

— ಬ್ಲೇಡಿಗೆ ನಂಬರ್ ಇರುತ್ತಂತಲ್ಲ. ದೊಡ್ಡ ನಂಬರ್ ಅಂದ್ರೆ ಉದ್ದ ಬಿಡುತ್ತಾ?

— ಉಲ್ಟಾ. ನಂಬರ್ ಜಾಸ್ತಿ ಆದಷ್ಟೂ ಗಿಡ್ಡ.

— ಹತ್ತಿ ನೂಲಿನ ಕೌಂಟ್ ಥರ. ನಂಬರ್ ಏರಿದಷ್ಟೂ ನೂಲು ಸಣ್ಣ. ರೇಷ್ಮೆ ಡೆನಿಯರ್ ಆದ್ರೆ ತಿರುಗುಮುರುಗು.

— ನಮ್ಮ ಹುಡುಗರಿಗೆ ಇನ್ನುಮೇಲೆ ಹಿಂಗೇ ಹೇಳಿಕೊಡ್ತೀನಿ. ನಾಲ್ಕು ಎಫ್ ಹಾಕಿದ್ರೆ ಸುಮಾರು ಒಂಬತ್ತು ಮಿಲಿಮೀಟರ್ ಉಳಿಯುತ್ತೆ, ಐದು ಎಫ್ ಆರು, ಏಳು ಎಫ್ ಮೂರು, ಹತ್ತು ಅಂದ್ರೆ ಒಂದೂವರೆ. ನಲವತ್ತು ಆಪರೇಷನ್ ಮಾಡೋರಿಗೆ, ಕಾಲು ಮಿಲಿಮೀಟರು. ಅದನ್ನ ಮನೇಲಿ ಇಟ್ಕೊಳ್ಳಲೇಬೇಡಿ. ನಿಮಗೆ ಬೇಕಾಗಿರೋದು ಹತ್ತು. ಎಲ್ಲರೂ ಅಂದ್ಕೊಳ್ಳೋದು, ಉದ್ದ ಬಿಡೋ ಬ್ಲೇಡು ಸುರಕ್ಷಿತ, ಗಿಡ್ಡ ಮಾಡೋದು ಅಪಾಯ ಅಂತ. ಹಲ್ಲು ನೋಡಿ, ಗೊತ್ತಾಗುತ್ತೆ. ಇದು ನನ್ನ ಹತ್ತನೇ ನಂಬರು. ಹಲ್ಲು ಒತ್ತೊತ್ತಾಗಿದೆ, ಸಂದಿಗೆ ಚರ್ಮ ನುಗ್ಗಲ್ಲ. ಇದು ನಾಲ್ಕು. ಎಫ್ ಇದ್ರೆ ಎಲ್ಲಾ ಹಲ್ಲೂ ಸಮ, ಇದರಲ್ಲಿ ಎಫ್ ಇಲ್ಲ. ಒಂದು ಹಲ್ಲು ಉದ್ದ, ಒಂದು ಗಿಡ್ಡ. ಆ ಸಂದಿಗೆ ಕಂಕುಳ ಚರ್ಮವೋ, ಕಿವಿ ಅಂಚೋ, ಹಿಂಗಾಲಿನ ಮೊಣಕಾಲ ಹತ್ರದ ತೆಳು ಚರ್ಮವೋ ಸಿಕ್ಕಿದ್ರೆ ಹರಿದೇ ಹೋಗುತ್ತೆ. ಗಂಟು ಬಿಡಿಸೋದೂ ಹತ್ತನೇ ನಂಬರಿಂದಲೇ. ಚರ್ಮಕ್ಕೂ ಗಂಟಿಗೂ ನಡುವೆ ಬ್ಲೇಡನ್ನ ಮಲಗಿಸಿದಂಗೆ ತೂರಿಸಿ, ನಿಧಾನಕ್ಕೆ ಮುಂದೆ ಸರಿಸಬೇಕು.

— ಗಂಟಿಗೆ ಕತ್ತರಿ ಸಾಕಲ್ಲ. ಎತ್ತಿ ಹಿಡಿದು ಕಚಕ್ ಅಂದ್ರೆ ಆಯ್ತು.

— ಗಂಟು ಎತ್ತಿದ್ರೆ ಅದರ ಜೊತೆ ಚರ್ಮವೂ ಏಳುತ್ತೆ ಮಾವ. ಡಾಕ್ಟ್ರ ಹತ್ರ ಹೊಲಿಗೆ ಹಾಕಿಸಕ್ಕೆ ಬರೋವು ಎಷ್ಟೋ. ಮೈಯೆಲ್ಲ ಜಡೆಗಟ್ಟಿ ಚರ್ಮ ಕಾಣದಂಗೆ ಆಗಿದ್ರೆ ನೀವೂ ಮುಟ್ಟಬೇಡಿ, ನಾನೂ ಮುಟ್ಟಲ್ಲ. ಪಶುವೈದ್ಯರ ಹತ್ರ ಕರ್ಕೊಂಡು ಹೋಗಬೇಕು.

— ಕೊಡಿಲ್ಲಿ ಆ ಬ್ಲೇಡು. ಎರಡು ತಗಡು. ಕೆಳಗಿಂದು ನಿಂತಿರುತ್ತೆ, ಮೇಲಿಂದು ಅತ್ತಿತ್ತ ಆಡುತ್ತೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗಿಂತ ಕೂದಲೆಳೆ ಹಿಂದೆ ಇದೆ. ಮುಂದೆ ಬಂದ್ರೆ ಚರ್ಮ ಕಚ್ಚುತ್ತೆ, ಅಲ್ವಾ? ಇದರ ಎಡಗಡೆ ಸ್ವಲ್ಪ ಮುಂದೆ ಬಂದಂಗಿದೆ ನೋಡು.

— ಎಲ್ಲಿ? ಹೌದಲ್ಲ! ಮೊನ್ನೆ ಕೆಳಗೆ ಬಿದ್ದಿತ್ತು. ಇದನ್ನ ಪಕ್ಕಕ್ಕಿಡ್ತೀನಿ.

— ಎಣ್ಣೆ ಯಾವುದು ಹಾಕ್ತೀಯ? ಅದರ ಡಬ್ಬದಲ್ಲಿ ಒಂದು ಚಿಕ್ಕ ಬಾಟ್ಲು ಕೊಟ್ಟಿರ್ತಾರೆ, ಎಷ್ಟು ದಿನ ಬರುತ್ತೆ?

— ಹೊಲಿಗೆ ಮಷೀನ್ ಎಣ್ಣೆ ಆಗುತ್ತೆ, ತೆಳ್ಳಗಿರಬೇಕು ಅಷ್ಟೇ. ಕೊಬ್ಬರಿ ಎಣ್ಣೆ ಹಾಕೋರು ಇದಾರೆ, ಅಂಟಾಗಿ ಕೂದಲೆಲ್ಲ ಹಿಡ್ಕೊಂಡುಬಿಡುತ್ತೆ. ಕೆಲಸದ ಮಧ್ಯೆ ಹತ್ತು ನಿಮಿಷಕ್ಕೊಂದು ಸಲ ಎರಡು ತೊಟ್ಟು ಬಿಟ್ಟು, ಬಟ್ಟೇಲಿ ಒರೆಸಿ ಮುಂದುವರಿಸಿ. ಹಂಗೇ ಬ್ಲೇಡನ್ನ ಮಣಿಕಟ್ಟಿನ ಒಳಗಡೆ ಮುಟ್ಟಿಸಿ ನೋಡಿ. ನಿಮಗೆ ಸುರ್ರ್ ಅಂದ್ರೆ ನಾಯಿಗೂ ಸುಡುತ್ತೆ. ಮನೇಲಿ ಮಾಡೋರು ಮರೆಯೋದು ಇದೊಂದೇ. ನಾಯಿ ಒದ್ದಾಡ್ತಿದೆ ಅಂತ ಬೈತಾ ಇರ್ತಾರೆ, ಅದು ಬಿಸಿ ತಾಳಲಾರದೆ ಒದ್ದಾಡ್ತಿರುತ್ತೆ.

— ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ್ರೆ ಬಿಸಿ ಆಗದೆ ಇನ್ನೇನು. ಮೊಂಡಾದ್ರೆ? ಸಾಣೆ ಹಿಡಿಯೋನು ಸೈಕಲ್ಲಲ್ಲಿ ಬರ್ತಾನೆ.

— ಅವನ ಕೈಗೆ ಕೊಡಬೇಡಿ. ಅವನ ಚಕ್ರ ಚಾಕು, ಕತ್ತರಿಯ ಅಂಚಿಗೆ. ಇದು ತಗಡಿನ ಮುಖವನ್ನೇ ಸಮ ಮಾಡೋ ಕೆಲಸ, ಅದಕ್ಕೆ ಬೇರೆ ಮಷೀನು ಬೇಕು. ನಾವು ಬೆಂಗಳೂರಿಗೆ ಕಳಿಸ್ತೀವಿ. ನಿಮ್ಮದು ವರ್ಷಗಟ್ಟಲೆ ಬರುತ್ತೆ, ಕೊಳಕು ಕೂದಲಿಗೆ ಹಾಕದೆ ಇದ್ರೆ. ಈ ಕಡೆ ಕೆಂಪು ಮಣ್ಣಲ್ಲಿ ಹೊರಳಾಡಿ ಬಂದ ನಾಯಿಗೆ ಹಂಗೇ ಮಷೀನು ಹಾಕಿದ್ರೆ ಒಂದೇ ಸಲಕ್ಕೆ ಬ್ಲೇಡು ಹೋಯ್ತು ಅನ್ಕೊಳ್ಳಿ. ತೊಳೆದು, ಪೂರ್ತಿ ಒಣಗಿಸಿ, ಬಾಚಿ, ಆಮೇಲೆ.

— ಎಲ್ಲಾ ಸೇರಿ ಎಷ್ಟಾಗುತ್ತೆ?

— ನಮ್ಮಂಥೋರು ಇಡೋ ದೊಡ್ಡ ಮಷೀನು ಹತ್ತು ಸಾವಿರ ದಾಟುತ್ತೆ. ನಿಮಗೆ ಅದು ದಂಡ. ಅದಕ್ಕಿಂತ ಕೆಳಗೆ, ಬ್ಲೇಡು ಬಿಚ್ಚಕ್ಕೆ ಬರೋದು ಒಂದು ನೋಡ್ಕೊಂಡು ತಗೊಳ್ಳಿ. ಉಳಿದ ದುಡ್ಡಲ್ಲಿ ರೇಕು, ಬ್ರಷ್ಷು, ಸ್ಟೀಲ್ ಬಾಚಣಿಗೆ ಮೂರೂ ಒಳ್ಳೇವೇ ಬರುತ್ತೆ. ಬಾಚಣಿಗೇಲಿ ಕಂಜೂಸ್ ಮಾಡಬೇಡಿ.

— ಶಬ್ದಕ್ಕೆ ಹೆದರುತ್ತೆ ಅಂತಾರಲ್ಲ?

— ಎಂಟು ಮಗ್ಗದ ಸದ್ದಲ್ಲಿ ನಿದ್ದೆ ಮಾಡೋ ನಾಯಿ ಮಾವ ಇದು! ನನ್ನ ದೇವನಹಳ್ಳಿ ನಾಯಿಗಳು ಮಿಕ್ಸಿ ಸದ್ದಿಗೇ ಮಂಚದ ಕೆಳಗೆ ನುಗ್ತವೆ. ಇದಕ್ಕೆ ಸದ್ದು ಲೆಕ್ಕಕ್ಕಿಲ್ಲ, ಆದ್ರೆ ಮೈಗೆ ತಾಗೋ ನಡುಕ ಹೊಸದು. ಅದಕ್ಕೆ ಮೊದಲು ಕೆಲವು ದಿನ ಬ್ಲೇಡು ಹಾಕದೆ, ಮಷೀನು ಆನ್ ಮಾಡಿ ಅದರ ಬೆನ್ನನ್ನ ನಾಯಿ ಭುಜಕ್ಕೆ ಮುಟ್ಟಿಸಿ, ಏನಾದ್ರೂ ತಿನ್ನಕ್ಕೆ ಕೊಟ್ಟು ಬಿಟ್ಟುಬಿಡಿ. ಶುರು ಮಾಡೋದು ಹಿಂಗಾಲಿಂದ. ಮುಂಗಾಲು ಮುಟ್ಟಿದ್ರೆ ಬಹಳ ನಾಯಿಗಳು ಎಳ್ಕೊಳ್ಳುತ್ವೆ. ಒಂದು ದಿನಕ್ಕೆ ಒಂದು ಪಾದ ಆದ್ರೂ ಸಾಕು.

— ನನ್ನ ಕೈಗೆ ಅದು ಕಾಲು ಕೊಡಲ್ಲ. ನಿಮ್ಮತ್ತೆ ಹೇಳಿದ್ರೆ ಮಾತ್ರ ಕೇಳೋದು.

— ಹಂಗಾದ್ರೆ ಅತ್ತೇನ ಕರೀರಿ. ವ್ಯಾನಿಂದ ನನ್ನ ಚಿಕ್ಕ ಮಷೀನು ತರ್ತೀನಿ, ಇವತ್ತು ಒಂದು ಹಿಂಗಾಲು ಮಾಡಿ ತೋರಿಸ್ತೀನಿ, ಇನ್ನೊಂದು ನಾಯಿಗೆ ರೂಢಿ ಆದ್ಮೇಲೆ ನೀವು ಮಾಡಿ. ಜಗಲಿ ಮೇಲೆ ಬೆಳಕು ಚೆನ್ನಾಗಿದೆ. ಒಂದು ಹಳೇ ಟವಲ್ಲು, ಮಗ್ಗದ ಎಣ್ಣೆ ಬೇಡ, ಅತ್ತೆ ಹೊಲಿಗೆ ಮಷೀನಿನ ಎಣ್ಣೆ ತನ್ನಿ.